ಹತ್ತು ಗಾಲಿಯ ಟಿಪ್ಪರಿಗೆ ಹಳೆಯ ಹಿಂಬದಿ ಆಕ್ಸಲ್: ಗುರುತು ಹಿಡಿಯುವುದು, ಹೋಲಿಸುವುದು ಹೇಗೆ?

ಪ್ರಶ್ನೆ: ಮುಳಗುಂದ ನಾಕಾ, ಗದಗ

ಎಲ್ಲರಿಗೂ ನಮಸ್ಕಾರ. ಖಡಿ ಮತ್ತು ಎಂ-ಸ್ಯಾಂಡ್ ಸಾಗಿಸಲೆಂದು ಎರಡು ವರ್ಷಗಳ ಹಿಂದೆ ನಾನು ಹತ್ತು ಗಾಲಿಯ ಹಳೆಯ ಟಿಪ್ಪರ್ ಒಂದನ್ನು ಕೊಂಡೆ. ಅದು 25 ಟನ್ ವರ್ಗದ, ಹಿಂದಿನ ಎರಡೂ ಆಕ್ಸಲ್‌ಗಳಿಗೆ ಎಂಜಿನ್ನಿನ ಎಳೆತ ಸಿಗುವ ಗಾಡಿ. ಹೋದ ತಿಂಗಳು ಕ್ರಷರಿನ ಏರು ದಾರಿಯಲ್ಲಿ ಲೋಡು ಹೊತ್ತು ಹತ್ತುತ್ತಿದ್ದಾಗ ಕಟ್ಟಕಡೆಯ ಆಕ್ಸಲ್ಲಿನಲ್ಲಿ ದೊಡ್ಡ ಸದ್ದಾಗಿ ಗಾಡಿ ನಿಂತುಬಿಟ್ಟಿತು. ಬಿಚ್ಚಿ ನೋಡಿದರೆ ಕ್ರೌನ್ ವೀಲ್ ಎಂಬ ನಡುವಿನ ದೊಡ್ಡ ಗಿಯರಿನ ಮೂರು ಹಲ್ಲುಗಳು ಮುರಿದಿದ್ದವು. ಅದರ ಜೊತೆಗೆ ಹೌಸಿಂಗಿನಲ್ಲಿ (ಆಕ್ಸಲ್ಲಿನ ಹೊರಕವಚ) ಪಾಟಾ (ಸ್ಪ್ರಿಂಗ್ ಪಟ್ಟಿ) ಕೂರುವ ಜಾಗದ ಪಕ್ಕದಲ್ಲಿ ಬಿರುಕು ಕಂಡಿತು. ಅಲ್ಲಿ ಹಿಂದಿನ ಮಾಲಕರ ಕಾಲದಲ್ಲಿಯೇ ಎರಡು ಸಲ ವೆಲ್ಡಿಂಗ್ ಮಾಡಿಸಿದ ಗುರುತುಗಳಿವೆ. ಮೂರನೆಯ ಸಲ ವೆಲ್ಡಿಂಗ್ ಮಾಡಿಸಿ ಅದರ ಮೇಲೆ ಖಡಿ ಹೇರಲು ನನಗೆ ಮನಸ್ಸಿಲ್ಲ.

ಹುಬ್ಬಳ್ಳಿಯ ಗುಜರಿಯೊಂದರಲ್ಲಿ ಎರಡು ಆಕ್ಸಲ್‌ಗಳನ್ನು ನೋಡಿ ಬಂದಿದ್ದೇನೆ. ಮೊದಲನೆಯದು ಕಣ್ಣಿಗೆ ಥೇಟ್ ನಮ್ಮದರಂತೆಯೇ ಇದೆ, ನಡುವಿನ ಗಡಿಗೆಯಂಥ ಭಾಗವೂ ಅಷ್ಟೇ ದೊಡ್ಡದಾಗಿದೆ. ಎರಡನೆಯದರ ನಡುವಿನ ಭಾಗ ಸಣ್ಣದು, ಆದರೆ ಗಾಲಿ ಕೂರುವ ತುದಿಯಲ್ಲಿ ದಪ್ಪನೆಯ ದುಂಡು ಮುಚ್ಚಳ ಹೊರಗೆ ಚಾಚಿಕೊಂಡಿದೆ. ಇದರ ಬೆಲೆ ಕಡಿಮೆ, ಮೇಲಾಗಿ ಇದೇ ಗಟ್ಟಿ ಎಂದು ಅಂಗಡಿಯವರು ಹೇಳುತ್ತಾರೆ. ಎರಡರ ಮೇಲೂ ಗುರುತಿನ ತಗಡಿಲ್ಲ, ಮೈತುಂಬ ಕಪ್ಪು ಬಣ್ಣ ಬಳಿದಿದ್ದಾರೆ. ಇವು ಯಾವ ಮಾದರಿಯವು ಎಂದು ತಿಳಿಯುವುದು ಹೇಗೆ? ನನ್ನ ಗಾಡಿಗೆ ಹೊಂದುತ್ತವೆಯೋ ಇಲ್ಲವೋ ಎಂದು ದುಡ್ಡು ಕೊಡುವ ಮೊದಲೇ ಪರೀಕ್ಷಿಸಲು ಯಾವ ಯಾವ ಅಳತೆಗಳನ್ನು ನೋಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ರಾಣೆಬೆನ್ನೂರು ಲಾರಿ

ಅಣ್ಣನವರೇ, ಅವಸರ ಮಾಡಬೇಡಿರಿ. ಕಣ್ಣಿಗೆ ಒಂದೇ ಥರ ಕಂಡಿತೆಂದು ತಂದು ಹಾಕಿಸಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಹೌಸಿಂಗ್ ಸರಿಯಾಗಿಯೇ ಕೂತಿತು, ಗಾಲಿಗಳೂ ಕೂತವು, ಗಾಡಿಯೂ ಓಡಿತು. ಆದರೆ ಹಿಂದಿನ ಎರಡು ಆಕ್ಸಲ್‌ಗಳ ರೇಶಿಯೋ (ಗಾಲಿ ಒಂದು ಸುತ್ತು ತಿರುಗಲು ಎಂಜಿನ್ ಕಡೆಯ ಶಾಫ್ಟು ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ) ಬೇರೆ ಬೇರೆಯಾಗಿತ್ತು, ಅದು ನಮಗೆ ಯಾರಿಗೂ ತಿಳಿದಿರಲಿಲ್ಲ. ಟ್ರಿಪ್ ಮುಗಿಸಿ ಬಂದಾಗಲೆಲ್ಲ ಆ ಎರಡರಲ್ಲಿ ಮುಂದಿನ ಆಕ್ಸಲ್ಲಿನ ಮೂತಿ (ಗಿಯರುಗಳಿರುವ ನಡುವಿನ ಭಾಗ) ಕೈ ಇಡಲಾರದಷ್ಟು ಕಾಯುತ್ತಿತ್ತು. ಆಯಿಲ್ ಕಡಿಮೆಯಾಗಿರಬೇಕೆಂದು ಆಯಿಲ್ ಹಾಕುತ್ತಾ ಹೋದೆವು. ನಾಲ್ಕನೆಯ ತಿಂಗಳಿಗೆ ಎರಡು ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಸವೆದು ಸುಟ್ಟುಹೋಯಿತು. ಹಾಗಾಗಿ ಉಳಿದ ಅಳತೆಗಳಿಗಿಂತ ಮೊದಲು ರೇಶಿಯೋವನ್ನು ನೋಡಿರಿ.

ಉತ್ತರ: ತಾರಿಹಾಳದ ಫಿಟ್ಟರ್, ಹುಬ್ಬಳ್ಳಿ

ನಾನು ಇಪ್ಪತ್ತೆಂಟು ವರ್ಷಗಳಿಂದ ಭಾರಿ ಗಾಡಿಗಳ ಡಿಫರೆನ್ಷಿಯಲ್ ಕೆಲಸವನ್ನೇ ಮಾಡುತ್ತಿದ್ದೇನೆ. ತಮ್ಮ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಮಾಧಾನದಿಂದ ಓದಿರಿ.

ಗುರುತಿನ ತಗಡು ಇಲ್ಲವೆಂದ ಮಾತ್ರಕ್ಕೆ ಗುರುತೇ ಇಲ್ಲವೆಂದಲ್ಲ. ಒಂದು ವೈರ್ ಬ್ರಶ್, ಸ್ವಲ್ಪ ಡೀಸೆಲ್, ಒಂದು ಟಾರ್ಚ್ ಹಿಡಿದುಕೊಂಡು ಹೋಗಿರಿ. ಹೌಸಿಂಗಿನ ಮೇಲ್ಭಾಗವನ್ನೂ ಕ್ಯಾರಿಯರ್ ಎಂಬ ಎರಕದ ಮೂತಿಯನ್ನೂ ಉಜ್ಜಿ ಸ್ವಚ್ಛ ಮಾಡಿದರೆ ಉಬ್ಬಿದ ಎರಕದ ಅಂಕಿಗಳೂ ಪಂಚ್ ಹೊಡೆದ ಅಕ್ಷರಗಳೂ ಕಾಣುತ್ತವೆ. ಉಬ್ಬಿದ ಅಂಕಿ ಆ ಎರಕದ ತುಂಡಿನ ಸಂಖ್ಯೆಯಷ್ಟೇ, ಅದರಿಂದ ರೇಶಿಯೋ ತಿಳಿಯುವುದಿಲ್ಲ. ಪಂಚ್ ಹೊಡೆದದ್ದು ಮಾದರಿ, ಕ್ರಮಸಂಖ್ಯೆ ಅಥವಾ ಹಲ್ಲುಗಳ ಲೆಕ್ಕವಾಗಿರಬಹುದು. ಟಾಟಾ ಗಾಡಿಗಳ ಹಿಂಬದಿ ಆಕ್ಸಲ್‌ಗಳ ಮಾದರಿ ಹೆಸರು ಸಾಮಾನ್ಯವಾಗಿ ಆರ್‌ಎ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಮೆರಿಟರ್ ಕಂಪನಿಯ ಪದ್ಧತಿ ಬೇರೆ. ಉದಾಹರಣೆಗೆ ಆರ್‌ಟಿ-40-145 ಎಂದಿದ್ದರೆ ಟಿ ಅಕ್ಷರ ಜೋಡಿ ಆಕ್ಸಲ್ ಎಂಬುದನ್ನೂ, 40 ಎಂಬುದು ಜೋಡಿ ಹೊರಬಲ್ಲ 40,000 ಪೌಂಡ್ ತೂಕವನ್ನೂ, ಕೊನೆಯ ಅಂಕಿ ಕ್ಯಾರಿಯರಿನ ಸರಣಿಯನ್ನೂ ಹೇಳುತ್ತದೆ. ಆ 40ನ್ನು ಟನ್ ಎಂದು ಓದಿ ಮೋಸ ಹೋದವರಿದ್ದಾರೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 18.1 ಟನ್ ಮಾತ್ರ. ಇನ್ನೊಂದು ಮಾತು. ಲಾರಿಯ ಕಂಪನಿ, ಆಕ್ಸಲ್ಲಿನ ಕಂಪನಿ ಎರಡೂ ಒಂದೇ ಇರಬೇಕೆಂದಿಲ್ಲ. ನಮ್ಮ ಮೈಸೂರಿನಲ್ಲಿಯೇ 1981ರಲ್ಲಿ ಸ್ಥಾಪನೆಯಾದ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಒಂದಕ್ಕಿಂತ ಹೆಚ್ಚು ಲಾರಿ ಕಂಪನಿಗಳಿಗೆ ಆಕ್ಸಲ್ ಪೂರೈಸುತ್ತದೆ. ಆದ್ದರಿಂದ ‘ಅದೇ ಕಂಪನಿಯ ಲಾರಿಯಿಂದ ಬಿಚ್ಚಿದ್ದು’ ಎಂಬ ಮಾತಿನ ಮೇಲೆ ಏನನ್ನೂ ತೀರ್ಮಾನಿಸಬೇಡಿರಿ.

ಈಗ ರೇಶಿಯೋಗೆ ಬರುತ್ತೇನೆ. ಕ್ರೌನ್ ವೀಲಿನ ಹಲ್ಲುಗಳನ್ನು ಅದನ್ನು ತಿರುಗಿಸುವ ಸಣ್ಣ ಗಿಯರಾದ ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಸಿಗುವುದೇ ರೇಶಿಯೋ. ತಮ್ಮ ಆಕ್ಸಲ್ ಹೇಗೂ ಬಿಚ್ಚಿದೆ, ಹಲ್ಲು ಮುರಿದಿದ್ದರೂ ಅದರ ಬುಡ ಉಳಿದಿರುತ್ತದೆ. ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ ಅಲ್ಲಿಂದ ಎಣಿಸಿರಿ. ಪಿನಿಯನ್ನಿನ ತುದಿಯ ಮುಖವನ್ನು ಒರೆಸಿ ನೋಡಿದರೆ ಎರಡೂ ಸಂಖ್ಯೆಗಳನ್ನು ಅಲ್ಲಿಯೇ ಕೆತ್ತಿರುವುದೂ ಉಂಟು. ಅದರ ಜೊತೆಗೆ ಜೋಡಿಯ ಗುರುತಿನ ಸಂಖ್ಯೆಯೊಂದು ಇರುತ್ತದೆ, ಅದೇ ಸಂಖ್ಯೆ ಕ್ರೌನ್ ವೀಲಿನ ಮೇಲೂ ಇರಬೇಕು. ಇವೆರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿರುವುದರಿಂದ ಒಂದು ಗಾಡಿಯ ಕ್ರೌನಿಗೆ ಮತ್ತೊಂದು ಗಾಡಿಯ ಪಿನಿಯನ್ ಸೇರಿಸಬಾರದು.

ಗುಜರಿಯಲ್ಲಿರುವ ಆಕ್ಸಲ್ಲನ್ನು ಬಿಚ್ಚಲು ಬಿಡುವುದಿಲ್ಲ ಎಂದಾದರೆ ತಿರುಗಿಸಿ ಎಣಿಸಬೇಕು. ಒಂದು ಬದಿಯ ಬ್ರೇಕ್ ಡ್ರಮ್ಮು ಅಲುಗದಂತೆ ಕಟ್ಟೆಯೋ ಕಟ್ಟಿಗೆಯೋ ಕೊಟ್ಟು ಭದ್ರ ಮಾಡಿರಿ. ಎಂಜಿನ್ ಕಡೆಯಿಂದ ಬರುವ ಶಾಫ್ಟಿನ ಜಾಯಿಂಟ್ ಕೂರುವ ಪಿನಿಯನ್ ಫ್ಲೇಂಜಿನ ಮೇಲೊಂದು, ಅದರ ಎದುರು ಕ್ಯಾರಿಯರಿನ ಮೇಲೊಂದು ಚಾಕಿನ ಗೆರೆ ಎಳೆಯಿರಿ. ಇನ್ನೊಂದು ಬದಿಯ ಡ್ರಮ್ಮನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿರಿ. ಅಷ್ಟರಲ್ಲಿ ಫ್ಲೇಂಜ್ ಎಷ್ಟು ಸುತ್ತು ತಿರುಗಿತೋ ಅದೇ ರೇಶಿಯೋ. ಎರಡು ಸುತ್ತು ಯಾಕೆಂದರೆ, ಒಂದು ಗಾಲಿ ನಿಂತು ಮತ್ತೊಂದೇ ತಿರುಗುವಾಗ ಕ್ರೌನ್ ವೀಲ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ. ಇದನ್ನು ಮರೆತು ಒಂದೇ ಸುತ್ತಿಗೆ ಎಣಿಸಿದವರಿಗೆ ಅರ್ಧ ರೇಶಿಯೋ ಸಿಗುತ್ತದೆ. ಕೊನೆಯ ಸುತ್ತು ಅರ್ಧವೋ ಮುಕ್ಕಾಲೋ ಎಂಬುದನ್ನು ಗೆರೆ ನೋಡಿ ಬರೆದುಕೊಳ್ಳಿರಿ, ಯಾಕೆಂದರೆ 41/7 ಎಂದರೆ 5.86, 41/6 ಎಂದರೆ 6.83. ಗಾಡಿಯ ಮೇಲಿರುವ ಆಕ್ಸಲ್ಲಿನಲ್ಲಿ ಇದೇ ಪರೀಕ್ಷೆ ಮಾಡುವವರು ಗಾಲಿಗಳಿಗೆ ತಡೆ ಕೊಟ್ಟು, ಜಾಕಿನಿಂದ ಎತ್ತಿ ಆಕ್ಸಲ್ಲಿನ ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಇಟ್ಟು, ಆಮೇಲೆ ಪಾರ್ಕಿಂಗ್ ಬ್ರೇಕ್ ಬಿಡಬೇಕು. ಹವಾ ಇಲ್ಲದಿದ್ದರೆ ಸ್ಪ್ರಿಂಗ್ ಬ್ರೇಕ್ ಹಿಡಿದೇ ಇರುತ್ತದೆಯೆಂಬುದು ನೆನಪಿರಲಿ.

ಜೋಡಿ ಆಕ್ಸಲ್ಲಿನಲ್ಲಿ ಮುಂದಿನದು ಮತ್ತು ಹಿಂದಿನದು ಒಂದರ ಜಾಗಕ್ಕೆ ಇನ್ನೊಂದು ಬರುವ ವಸ್ತುಗಳಲ್ಲ. ಮುಂದಿನದಕ್ಕೆ ಎರಡು ಫ್ಲೇಂಜ್‌ಗಳಿರುತ್ತವೆ. ಒಂದರಲ್ಲಿ ಶಕ್ತಿ ಒಳಗೆ ಬರುತ್ತದೆ, ಹಿಂಬದಿಯ ಇನ್ನೊಂದರಿಂದ ಹಿಂದಿನ ಆಕ್ಸಲ್ಲಿಗೆ ಹೋಗುತ್ತದೆ. ಹಿಂದಿನದಕ್ಕೆ ಒಂದೇ ಫ್ಲೇಂಜ್. ಅನೇಕ ವಿನ್ಯಾಸಗಳಲ್ಲಿ ಮುಂದಿನದರ ಪಿನಿಯನ್ ಒಳಗಿನ ಜೋಡಿ ಗಿಯರುಗಳ ಮೂಲಕ ತಿರುಗುವುದರಿಂದ ಅದರ ದಿಕ್ಕೂ ಉಲ್ಟಾ ಆಗಿರುತ್ತದೆ. ಹೀಗಾಗಿ ಹಲ್ಲುಗಳ ಸಂಖ್ಯೆ ಒಂದೇ ಇದ್ದರೂ ಮುಂದಿನದರ ಕ್ರೌನ್ ಪಿನಿಯನ್ ಹಿಂದಿನದಕ್ಕೆ ಆಗುತ್ತದೆಂದು ತಿಳಿಯಬಾರದು, ಬಿಡಿಭಾಗದ ಸಂಖ್ಯೆಯನ್ನು ಹೊಂದಿಸಿಯೇ ಕೊಳ್ಳಬೇಕು.

ಅಳತೆಗಳ ವಿಷಯದಲ್ಲಿ ಟೇಪು ಹಿಡಿದು ಎರಡೂ ಕಡೆ ಒಂದೇ ಕ್ರಮದಲ್ಲಿ ಅಳೆದು ಬರೆದುಕೊಳ್ಳಿರಿ. ಪಾಟಾ ಕೂರುವ ಎರಡು ಜಾಗಗಳ ನಡುವಿನ ಅಂತರ, ಗಾಲಿಯ ಡಿಸ್ಕ್ ಕೂರುವ ಮುಖದಿಂದ ಮುಖಕ್ಕೆ ಇರುವ ಅಗಲ, ಟಾರ್ಕ್ ರಾಡ್ (ಆಕ್ಸಲ್ಲನ್ನು ಚಾಸಿಗೆ ಹಿಡಿದಿಡುವ ಸರಳು) ಬ್ರಾಕೆಟ್ಟಿನ ಜಾಗ, ಡ್ರಮ್ಮಿನ ವ್ಯಾಸ ಮತ್ತು ಲೈನರಿನ ಅಗಲ, ಆಕ್ಸಲ್ ಶಾಫ್ಟಿನ ಉದ್ದ ಮತ್ತು ಒಳತುದಿಯ ಗೀರುಹಲ್ಲುಗಳ ಸಂಖ್ಯೆ, ಕ್ಯಾರಿಯರನ್ನು ಹೌಸಿಂಗಿಗೆ ಬಿಗಿದ ಬೋಲ್ಟುಗಳ ಸಂಖ್ಯೆ ಮತ್ತು ಆ ಬೋಲ್ಟುಗಳ ವೃತ್ತದ ವ್ಯಾಸ, ಇವಿಷ್ಟು ಮುಖ್ಯ. ಗಾಲಿಯ ಸ್ಟಡ್‌ಗಳು ಹತ್ತಿದ್ದರೆ ಎದುರುಬದುರಿನ ಎರಡು ಸ್ಟಡ್‌ಗಳ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ. 20 ಇಂಚಿನ ರಿಮ್ಮಿನ ಭಾರಿ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 335 ಮಿಲಿಮೀಟರ್ ಇರುತ್ತದೆ. ಆದರೆ ಸ್ಟಡ್ ಹೊಂದಿತೆಂದರೆ ಆಕ್ಸಲ್ ಹೊಂದಿತೆಂದು ಅರ್ಥವಲ್ಲ, ಗಾಲಿ ಕೂರುತ್ತದೆ ಎಂದಷ್ಟೇ.

ತಾವು ನೋಡಿದ ಎರಡನೆಯ ಆಕ್ಸಲ್ ಹಬ್ ರಿಡಕ್ಷನ್ ಜಾತಿಯದು, ಅಂದರೆ ಗಾಲಿಯ ಹಬ್ಬಿನೊಳಗೂ ಗಿಯರುಗಳಿರುವಂಥದ್ದು. ಆ ದುಂಡು ಮುಚ್ಚಳದ ಮೇಲೆ ಆಯಿಲ್ ಪ್ಲಗ್ ಇದೆಯೇ ಎಂದು ನೋಡಿರಿ, ಇದ್ದರೆ ಸಂಶಯವೇ ಬೇಡ. ಸಾದಾ ಆಕ್ಸಲ್ಲಿನಲ್ಲಿ ಅಲ್ಲಿ ಶಾಫ್ಟಿನ ಚಪ್ಪಟೆ ಫ್ಲೇಂಜ್ ಮತ್ತು ಅದರ ಸುತ್ತಿನ ಬೋಲ್ಟುಗಳಷ್ಟೇ ಇರುತ್ತವೆ.

ಉತ್ತರ: ಧಾರವಾಡದ ಮಾಸ್ತರ

ಹಿರಿಯ ಫಿಟ್ಟರ್ ಅವರು ಹೇಳಿದ್ದಕ್ಕೆ ಲೆಕ್ಕದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಇದನ್ನು ಕಲಿಸುವಾಗ ಎರಡು ಪ್ರಶ್ನೆಗಳು ಪ್ರತಿ ವರ್ಷವೂ ಬರುತ್ತವೆ.

ಹಬ್ ರಿಡಕ್ಷನ್ ಆಕ್ಸಲ್ ಗಟ್ಟಿಯೇ ಎಂಬುದು ಮೊದಲನೆಯದು. ಸಾದಾ ಆಕ್ಸಲ್ಲಿನಲ್ಲಿ ವೇಗ ತಗ್ಗಿಸಿ ಬಲ ಹೆಚ್ಚಿಸುವ ಕೆಲಸವೆಲ್ಲ ನಡುವಿನ ಕ್ರೌನ್ ಪಿನಿಯನ್ನಿನಲ್ಲಿಯೇ ಮುಗಿಯುತ್ತದೆ, ಆದ್ದರಿಂದ ಹೆಚ್ಚಿದ ಬಲವನ್ನೆಲ್ಲ ಶಾಫ್ಟು ತಿರುಚಿಕೊಂಡು ಗಾಲಿಗೆ ಒಯ್ಯಬೇಕಾಗುತ್ತದೆ. ಹಬ್ ರಿಡಕ್ಷನ್ನಿನಲ್ಲಿ ಆ ಕೆಲಸದ ಒಂದು ಪಾಲು ಗಾಲಿಯೊಳಗಿನ ಗಿಯರುಗಳಲ್ಲಿ ನಡೆಯುತ್ತದೆ. ಉದಾಹರಣೆಗೆ ನಡುವೆ 2, ಹಬ್ಬಿನಲ್ಲಿ 3.4 ಇದ್ದರೆ ಒಟ್ಟು ರೇಶಿಯೋ 6.8. ಒಟ್ಟು ಲೆಕ್ಕ ಸಾದಾ ಆಕ್ಸಲ್ಲಿನಷ್ಟೇ ಇದ್ದರೂ ಶಾಫ್ಟಿನ ಮೇಲೆ ಬೀಳುವ ತಿರುಚು ಬಲ ಸುಮಾರು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ನಡುವಿನ ಗಡಿಗೆ ಸಣ್ಣದಾಗುವುದರಿಂದ ನೆಲಕ್ಕೂ ಅದಕ್ಕೂ ಅಂತರ ಹೆಚ್ಚುತ್ತದೆ. ಗಣಿಯಲ್ಲಿ, ಕಲ್ಲಿನ ಕ್ವಾರಿಯಲ್ಲಿ ಇದಕ್ಕೆ ಬೆಲೆಯಿದೆ. ಅದೇ ಹೊತ್ತಿಗೆ ಗಿಯರುಗಳೂ ಬೇರಿಂಗುಗಳೂ ಹೆಚ್ಚು, ಪ್ರತಿ ಹಬ್ಬಿನ ಆಯಿಲ್ಲನ್ನು ಬೇರೆಯಾಗಿ ನೋಡಿಕೊಳ್ಳಬೇಕು, ಉದ್ದದ ಓಟದಲ್ಲಿ ಘರ್ಷಣೆಗೆ ಹೋಗುವ ಶಕ್ತಿಯೂ ಹೆಚ್ಚು. ಗಟ್ಟಿಯೋ ಅಲ್ಲವೋ ಎನ್ನುವುದಕ್ಕಿಂತ ಅದು ಬೇರೆ ಕೆಲಸಕ್ಕೆ ಹುಟ್ಟಿದ್ದು ಎನ್ನುವುದು ಸರಿ. ಮುಂದೆ ಸಾದಾ, ಹಿಂದೆ ಹಬ್ ರಿಡಕ್ಷನ್ ಎಂದು ಜೋಡಿ ಮಾಡುವ ಯೋಚನೆಯನ್ನು ಬಿಟ್ಟುಬಿಡಿರಿ. ಹಬ್ ರಿಡಕ್ಷನ್ನಿನಲ್ಲಿ ಕ್ರೌನ್ ಪಿನಿಯನ್ ಹಲ್ಲು ಎಣಿಸಿದರೆ ಅರ್ಧ ಮಾಹಿತಿಯಷ್ಟೇ ಸಿಗುತ್ತದೆ, ಗಾಲಿಯನ್ನು ತಿರುಗಿಸಿ ಎಣಿಸಿದಾಗ ಮಾತ್ರ ಒಟ್ಟು ರೇಶಿಯೋ ತಿಳಿಯುತ್ತದೆ.

ರೇಶಿಯೋ ಬೇರೆಯಾದರೆ ಏನಾಗುತ್ತದೆ ಎಂಬುದು ಎರಡನೆಯದು. ಟಯರು ಒಂದು ಸುತ್ತಿಗೆ 3.2 ಮೀಟರ್ ಉರುಳುತ್ತದೆ ಎಂದು ಇಟ್ಟುಕೊಳ್ಳೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಲಿ ನಿಮಿಷಕ್ಕೆ ಸುಮಾರು 208 ಸುತ್ತು ತಿರುಗುತ್ತದೆ. 5.86 ರೇಶಿಯೋದ ಆಕ್ಸಲ್ಲಿಗೆ ಹೋಗುವ ಶಾಫ್ಟು ಆಗ ಸುಮಾರು 1,220 ಸುತ್ತು ತಿರುಗಬೇಕು, 6.83 ರೇಶಿಯೋದ್ದಕ್ಕೆ ಹೋಗುವುದು 1,420 ಸುತ್ತು. ಈ 200 ಸುತ್ತುಗಳ ವ್ಯತ್ಯಾಸವನ್ನು ಎರಡು ಆಕ್ಸಲ್ಲುಗಳ ನಡುವೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಇಡೀ ದಾರಿಯುದ್ದಕ್ಕೂ ಸರಿದೂಗಿಸುತ್ತಿರಬೇಕು. ಅದನ್ನು ಮಾಡಿರುವುದು ತಿರುವಿನಲ್ಲಿ, ಕುಣಿಯಲ್ಲಿ ಬರುವ ಸಣ್ಣ ವ್ಯತ್ಯಾಸಕ್ಕಾಗಿ. ರಾಣೆಬೆನ್ನೂರಿನವರ ಗಾಡಿಯಲ್ಲಿ ಮೂತಿ ಕಾಯುತ್ತಿದ್ದುದು ಇದಕ್ಕೇ. ಅಂಥ ಗಾಡಿಯಲ್ಲಿ ಕೆಸರಿಗೆ ಸಿಕ್ಕಾಗ ಡ್ರೈವರ್ ಆ ಡಿಫರೆನ್ಷಿಯಲ್ಲಿನ ಲಾಕ್ (ಎರಡಕ್ಕೂ ಹೋಗುವ ಶಾಫ್ಟುಗಳನ್ನು ಒಂದೇ ವೇಗಕ್ಕೆ ಕಟ್ಟುವುದು) ಹಾಕಿ, ಗಟ್ಟಿ ರಸ್ತೆಗೆ ಬಂದ ಮೇಲೂ ತೆಗೆಯಲು ಮರೆತರೆ ಒಂದು ಆಕ್ಸಲ್ ಮತ್ತೊಂದನ್ನು ಎಳೆದು, ಎಲ್ಲಿ ದುರ್ಬಲವೋ ಅಲ್ಲಿ ಮುರಿಯುತ್ತದೆ.

ಎರಡೂ ಆಕ್ಸಲ್‌ಗಳನ್ನು ಒಟ್ಟಿಗೆ ಬದಲಿಸುವುದಾದರೆ ಮಾತು ಬೇರೆ. ಟಾಪ್ ಗಿಯರ್ ನೇರ ಇರುವ (ಶಾಫ್ಟು ಎಂಜಿನ್ನಿನಷ್ಟೇ ಸುತ್ತು ತಿರುಗುವ) ಗಾಡಿಯಲ್ಲಿ ಎಂಜಿನ್ 2,000 ಸುತ್ತಿನಲ್ಲಿದ್ದಾಗ 5.86ಕ್ಕೆ ಗಂಟೆಗೆ 65 ಕಿಲೋಮೀಟರಿನಷ್ಟು, 6.83ಕ್ಕೆ 56ರಷ್ಟು ವೇಗ ಬರುತ್ತದೆ. ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್ ಘಟ್ಟ ಇಳಿಯುವವರಿಗೆ ದೊಡ್ಡ ರೇಶಿಯೋ ಎಂಜಿನ್ ಬ್ರೇಕನ್ನು ಹೆಚ್ಚಿಸುತ್ತದೆ, ಗದಗ–ಹುಬ್ಬಳ್ಳಿಯಂಥ ಸಪಾಟು ರಸ್ತೆಯಲ್ಲಿ ಅದೇ ರೇಶಿಯೋ ಡೀಸೆಲ್ ತಿನ್ನುತ್ತದೆ. ಗಿಯರ್‌ಬಾಕ್ಸಿನಿಂದ ನಡೆಯುವ ಸ್ಪೀಡೋಮೀಟರ್ ಕೂಡ ತಪ್ಪು ತೋರಿಸತೊಡಗುತ್ತದೆ.

ಉತ್ತರ: ಬ್ಯಾಡಗಿ ಟ್ರಾನ್ಸ್‌ಪೋರ್ಟ್

ದೊಡ್ಡ ಆಕ್ಸಲ್ ಹಾಕಿಸಿದರೆ ಹೆಚ್ಚು ಹೇರಬಹುದೆಂದು ಕೆಲವರು ತಿಳಿದಿರುವುದರಿಂದ ಒಂದು ಮಾತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟಯರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2ರಿಂದ 11.5 ಟನ್ನಿಗೂ, ಜೋಡಿ ಆಕ್ಸಲ್ಲಿನ ಮಿತಿಯನ್ನು 19ರಿಂದ 21 ಟನ್ನಿಗೂ ಏರಿಸಿತು. ಆದರೆ ತಮ್ಮ ಗಾಡಿಗೆ ಲೆಕ್ಕವಾಗುವುದು ಆರ್‌ಸಿಯಲ್ಲಿರುವ ತೂಕವೇ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ಆರ್‌ಸಿಯ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಲು ಮಾಲಕರಿಗೆ ಅವಕಾಶವಿಲ್ಲ. ಮೆಣಸಿನಕಾಯಿ ಹೇರುವ ನಮಗೆ ಗಾಡಿ ತುಂಬಿದರೂ ತೂಕ ತುಂಬುವುದಿಲ್ಲ. ಖಡಿ ಹಾಗಲ್ಲ, ಡಬ್ಬಿ ತುಂಬುವ ಮೊದಲೇ ತೂಕ ಮೀರುತ್ತದೆ. ತಮ್ಮ ಹೌಸಿಂಗ್ ಬಿರುಕು ಬಿಟ್ಟದ್ದಕ್ಕೂ ಬಹುಶಃ ಇದೇ ಕಾರಣವಿರಬಹುದು, ತೂಕದ ಕಾಟಾ ಚೀಟಿಗಳನ್ನು ಒಮ್ಮೆ ನೋಡಿರಿ.

ಮರುಪತ್ರ: ಮುಳಗುಂದ ನಾಕಾ, ಗದಗ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ನಿನ್ನೆ ಬೆಳಿಗ್ಗೆ ನಮ್ಮ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ ಹೇಳಿದಂತೆಯೇ ಮಾಡಿದೆವು. ನಮ್ಮದರ ಕ್ರೌನಿನಲ್ಲಿ ಬುಡ ಸೇರಿಸಿ 41 ಹಲ್ಲು, ಪಿನಿಯನ್ನಿನಲ್ಲಿ 7. ಗುಜರಿಯ ಮೊದಲನೆಯ ಆಕ್ಸಲ್ಲಿನ ಒಂದು ಡ್ರಮ್ಮಿಗೆ ಹಾರೆ ಕೊಟ್ಟು ನಿಲ್ಲಿಸಿ, ಇನ್ನೊಂದನ್ನು ಎರಡು ಸುತ್ತು ತಿರುಗಿಸಿದಾಗ ಚಾಕಿನ ಗೆರೆ ಆರು ಸುತ್ತು ಮುಗಿಸಿ ಏಳನೆಯದರಲ್ಲಿ ಮುಕ್ಕಾಲನ್ನು ದಾಟಿ ನಿಂತಿತು. ಮೂರು ಸಲ ಮಾಡಿದರೂ ಅಷ್ಟೇ. ಅಂದರೆ ಅದು 41/6. ನೋಡಲು ಅವಳಿ ಮಕ್ಕಳಂತಿದ್ದ ಆಕ್ಸಲ್‌ಗಳು ಒಳಗೆ ಬೇರೆಯೇ ಆಗಿದ್ದವು. ಎರಡನೆಯದರ ಮುಚ್ಚಳದ ಮೇಲೆ ಆಯಿಲ್ ಪ್ಲಗ್ ಇತ್ತು, ಅದನ್ನು ಅಲ್ಲಿಯೇ ಬಿಟ್ಟೆವು.

ಆದರೆ ಮೊದಲನೆಯದರ ಹೊರಗಿನ ಅಳತೆಗಳೆಲ್ಲ, ಕ್ಯಾರಿಯರಿನ ಬೋಲ್ಟುಗಳು ಮತ್ತು ಶಾಫ್ಟಿನ ಉದ್ದ ಸಹಿತ, ನಮ್ಮದರೊಡನೆ ಮಿಲಿಮೀಟರಿನವರೆಗೂ ಹೊಂದಿದವು. ಹೀಗಿರುವಾಗ ಆ ಹೌಸಿಂಗನ್ನು ಮಾತ್ರ ಕೊಂಡು, ನಮ್ಮದೇ ಕ್ಯಾರಿಯರಿಗೆ 41/7ರ ಹೊಸ ಕ್ರೌನ್ ಪಿನಿಯನ್ ಜೋಡಿ ಹಾಕಿಸಿ ಕೂರಿಸಬಹುದೇ?

ಉತ್ತರ: ತಾರಿಹಾಳದ ಫಿಟ್ಟರ್, ಹುಬ್ಬಳ್ಳಿ

ಧಾರಾಳವಾಗಿ ಮಾಡಬಹುದು, ತಮ್ಮ ಪರಿಸ್ಥಿತಿಯಲ್ಲಿ ನಾನಾದರೂ ಅದನ್ನೇ ಮಾಡುತ್ತಿದ್ದೆ. ದುಡ್ಡು ಕೊಡುವ ಮೊದಲು ಹೌಸಿಂಗನ್ನು ಖಾಲಿ ಮಾಡಿಸಿ ಒಳಗಿನ ಆಯಿಲ್ಲನ್ನು ಒಂದು ತಟ್ಟೆಗೆ ಹಿಡಿಯಿರಿ. ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ನುಣ್ಣನೆಯ ಹಿಟ್ಟು ಅಂಟಿದ್ದರೆ ಅದು ಸಹಜವಾದ ಸವೆತ, ಬೆರಳಿಗೆ ಸಿಗುವಂಥ ಚೂರುಗಳಿದ್ದರೆ ಬೇರಿಂಗ್ ಕೂರುವ ಜಾಗಗಳನ್ನು ಇನ್ನೊಮ್ಮೆ ಪರೀಕ್ಷಿಸಿರಿ. ಪಾಟಾ ಕೂರುವ ಜಾಗದ ಸುತ್ತ ಬಣ್ಣವನ್ನು ಪೂರ್ತಿ ಕೆರೆಸಿ ನೋಡಿರಿ, ಹಳೆಯ ವೆಲ್ಡಿಂಗನ್ನು ಮುಚ್ಚಲು ಕಪ್ಪು ಬಣ್ಣವೇ ಮೊದಲು ಬರುವುದು. ಎರಡು ತುದಿಗಳಿಗೂ ನೇರವಾದ ಕಬ್ಬಿಣದ ಪಟ್ಟಿ ಕಟ್ಟಿ, ಪಟ್ಟಿಗಳ ನಡುವಿನ ಅಂತರವನ್ನು ಮೇಲೆ, ಕೆಳಗೆ, ಮುಂದೆ, ಹಿಂದೆ ಅಳೆದರೆ ಹೌಸಿಂಗ್ ಬಾಗಿದೆಯೇ ಎಂಬುದು ತಿಳಿಯುತ್ತದೆ. ಬಾಗಿದ ಹೌಸಿಂಗ್ ಹೊಸ ಟಯರುಗಳನ್ನು ಕೆಲವೇ ತಿಂಗಳಲ್ಲಿ ಒಂದೇ ಅಂಚಿಗೆ ತಿಂದುಹಾಕುತ್ತದೆ.

ಹೊಸ ಜೋಡಿ ತರುವಾಗ ಎರಡರ ಮೇಲಿನ ಜೋಡಿ ಸಂಖ್ಯೆಯನ್ನು ಅಂಗಡಿಯಲ್ಲಿಯೇ ಹೊಂದಿಸಿ ನೋಡಿರಿ, ಬೇರಿಂಗುಗಳನ್ನೂ ಹೊಸದಾಗಿ ಹಾಕಿಸಿರಿ. ಕೂರಿಸುವಾಗ ಕ್ರೌನಿನ ನಾಲ್ಕೈದು ಹಲ್ಲುಗಳಿಗೆ ನೀಲಿ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವವರೆಗೂ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಬದಲಿಸಬೇಕು. ಗುರುತು ತುದಿಗೋ ಅಂಚಿಗೋ ಸರಿದಿದ್ದರೆ ‘ಓಡುತ್ತಾ ಓಡುತ್ತಾ ಸರಿಯಾಗುತ್ತದೆ’ ಎಂದು ಯಾರು ಹೇಳಿದರೂ ಒಪ್ಪಬೇಡಿರಿ. ಹೈಪಾಯ್ಡ್ ಗಿಯರಿನ (ಪಿನಿಯನ್ ಕ್ರೌನಿನ ನಡುಗೆರೆಯಿಂದ ಸರಿದು ಕೂರುವಂಥದ್ದು) ಹಲ್ಲುಗಳು ಒಂದರ ಮೇಲೊಂದು ಜಾರುತ್ತಲೇ ಕೆಲಸ ಮಾಡುವುದರಿಂದ ಜಿಎಲ್-5 ದರ್ಜೆಯ ಆಯಿಲ್ ಹಾಕಿರಿ. ಮೊದಲ ಕೆಲವು ಟ್ರಿಪ್ ಅರ್ಧ ಲೋಡು ಸಾಕು. ನಿಂತಾಗಲೊಮ್ಮೆ ಎರಡೂ ಆಕ್ಸಲ್‌ಗಳ ಮೂತಿಯ ಬಿಸಿಯನ್ನು ಹೋಲಿಸಿ ನೋಡಿರಿ. ಮುಂದಿನದು ಸ್ವಲ್ಪ ಹೆಚ್ಚು ಬೆಚ್ಚಗಿರುವುದು ಸಹಜ, ಆದರೆ ಹಿಂದಿನದು ಅದಕ್ಕಿಂತ ಹೆಚ್ಚು ಕಾಯುತ್ತಿದ್ದರೆ ಪಿನಿಯನ್ ಬೇರಿಂಗು ಅತಿಯಾಗಿ ಬಿಗಿಯಾಗಿರಬಹುದೆಂದು ತಿಳಿದು ಗಾಡಿಯನ್ನು ಶೆಡ್ಡಿಗೆ ತನ್ನಿರಿ.